ಒರೆಸಿದ ಕುರ್ಚಿ

ನಿನ್ನೆ ನನ್ನ ಮೊಮ್ಮಗಳು ಕುದೂರು ಬಸ್ ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್, ಫೋನ್ ರಿಪೇರಿ ಅಂಗಡಿ ತೆರೆದಳು. ಅದೂ ಎಲ್ಲಿ? ಒಂದು ಕಾಲದಲ್ಲಿ ನನ್ನನ್ನು ಕುರ್ಚಿಯಿಂದ ಎಬ್ಬಿಸಿ ಕಳಿಸಿದ ಅದೇ ರೂಮಿನಲ್ಲಿ. ಟೇಪು ಕತ್ತರಿಸಿದ್ದು ನಾನು. ಎಷ್ಟು ವರ್ಷ ಕಾದ ಕೈ ಅದು.

ಇದನ್ನು ನೋಡಲೇಬೇಕಾಗಿದ್ದವರು ಒಬ್ಬರಿದ್ದರು, ಈಗಿಲ್ಲ. ನಮ್ಮ ಕಂಪ್ಯೂಟರ್ ಮೇಡಂ. ಅವರ ಬಗ್ಗೆ ಬರೆಯದೆ ಇದ್ದರೆ ಈ ಸಂತೋಷ ನನಗೆ ಅರಗುವುದಿಲ್ಲ. ನಾನು ಓದಿದ್ದು ಮೂರನೇ ಕ್ಲಾಸು. ಒಂದೊಂದೇ ಅಕ್ಷರ ಒತ್ತಿ ಬರೆಯುತ್ತಿದ್ದೇನೆ, ತಪ್ಪಿದ್ದರೆ ತಿದ್ದಿಕೊಂಡು ಓದಿ.

ಮೇಡಂ ಕನ್ನಡಕದ ಒಂದು ಕಡ್ಡಿ ಮುರಿದಿತ್ತು. ಅದನ್ನು ಹಳದಿ ರೇಷ್ಮೆ ನೂಲಿನಿಂದ ಬಿಗಿದು ಕಟ್ಟಿಕೊಂಡಿದ್ದರು. ಬಿಸಿಲಿಗೆ ಬಂದರೆ ಕಿವಿಯ ಹತ್ತಿರ ನೂಲು ಮಿಂಚುತ್ತಿತ್ತು. ಹೊಸದು ತಗೊಳ್ಳಿ ಅಂದರೆ, "ಕಣ್ಣು ಕಾಣ್ತಿದೆಯಲ್ಲ ಅಕ್ಕ" ಅನ್ನುತ್ತಿದ್ದರು. ಮಾಗಡಿಯವರು, ನನಗಿಂತ ಹತ್ತು ವರ್ಷಕ್ಕೆ ಚಿಕ್ಕವರು. ಆಗ ಕುದೂರಿನ ಟೈಪಿಂಗ್ ಅಂಗಡಿಯಲ್ಲಿ ಸಂಬಳಕ್ಕಿದ್ದರು.

ಅದು ರೇಷ್ಮೆ ಗೂಡಿಗೆ ಬೆಲೆ ಇದ್ದ ಕಾಲ. ರಾಗಿ ಹೊಲ ಹೋಗಿ ಹಿಪ್ಪುನೇರಳೆ ಬಂದಿತ್ತು. ಯಾರ ಮನೆ ಮುಂದೆ ನೋಡಿದರೂ ಹುಳು ಗೂಡು ಕಟ್ಟುವ ಚಂದ್ರಿಕೆಗಳೇ. ನನ್ನ ಹುಳು ಒಂದು ಬೆಳೆಯೂ ಕೈಕೊಟ್ಟಿರಲಿಲ್ಲ. ಅಕ್ಕಪಕ್ಕದ ಊರಿನ ಹೆಂಗಸರು ಸೊಪ್ಪು ಯಾವಾಗ ಹಾಕಬೇಕು, ಯಾವಾಗ ನಿಲ್ಲಿಸಬೇಕು ಅಂತ ಕೇಳಲು ಬರುತ್ತಿದ್ದರು. ಎಲ್ಲರಿಗೂ ಒಂದೊಂದು ಹಾಳೆ ಕೊಟ್ಟುಬಿಡೋಣ, ಗೋಡೆಗೆ ಅಂಟಿಸಿಕೊಳ್ಳಲಿ ಅಂತ ಟೈಪು ಮಾಡಿಸಲು ಕುದೂರಿಗೆ ಹೋದೆ.

ಮೇಡಂ ನನ್ನನ್ನು ನೋಡಿ, "ನಿಮ್ಮ ಹೆಸರಾದ್ರೂ ನೀವೇ ಒತ್ತಿ ಅಕ್ಕ, ಬನ್ನಿ ಕೂತ್ಕೊಳ್ಳಿ" ಅಂದರು. ಕೂತೆ. ಹುಳುವಿಗೆ ಸುಣ್ಣ ಉದುರಿಸಿ ನೇರ ಬಸ್ಸು ಹತ್ತಿದ್ದೆ, ಉಗುರಿನ ಸಂದಿಯಲ್ಲಿ ಇನ್ನೂ ಬೆಳ್ಳಗಿತ್ತು. ಎರಡು ಅಕ್ಷರ ಒತ್ತಿದ್ದೆ, ಅಷ್ಟರಲ್ಲಿ ಅಂಗಡಿ ಸಾಹುಕಾರ ಬಂದ.

"ಏಳಮ್ಮ ಮ್ಯಾಕೆ. ಇದೇನ್ ಹುಳದ್ ಮನೆ ಅನ್ಕಂಡ್ಯಾ? ಏನ್ ನಾತ ಇದು. ಹುಳ ಮೇಯ್ಸೋ ಕೈಗೆ ಕಂಪ್ಯೂಟ್ರು ಬ್ಯಾರೆ ಕೇಡು."

ಎದ್ದೆ. ಅವನು ಫಿನಾಯಿಲ್ ಬಟ್ಟೆ ತಂದು ಕುರ್ಚಿ ಒರೆಸಿದ. ಕೂರುವ ಜಾಗ ಒರೆಸಿದ, ಬೆನ್ನು ಒರೆಸಿದ, ಕೊನೆಗೆ ಕಾಲೂ ಒರೆಸಿದ. ಕುರ್ಚಿ ಕಾಲನ್ನು ನಾನು ಮುಟ್ಟೇ ಇರಲಿಲ್ಲ. ಕಾಯುತ್ತಿದ್ದ ಏಳೆಂಟು ಜನ ನೋಡುತ್ತಿದ್ದರು. ಒಬ್ಬ ನಕ್ಕ.

ಮೇಡಂ ಎರಡು ಗುಂಡಿ ಒತ್ತಿದರು. ಆಮೇಲೆ ಮೆಷೀನನ್ನು ಕ್ರಮವಾಗಿ ಮುಚ್ಚಿ, ದೀಪ ಆರುವ ತನಕ ಕಾದು, ಅದರ ಮೇಲೆ ಬಟ್ಟೆ ಹೊದಿಸಿದರು. ಬ್ಯಾಗು ಹೆಗಲಿಗೆ ಹಾಕಿಕೊಂಡು, "ನಾಳೆಯಿಂದ ಬರಲ್ಲ ಸರ್" ಅಂದರು.

"ಎಲ್ಲಿಗ್ ಹೋಯ್ತೀಯ? ಈ ಊರಲ್ಲಿ ಇನ್ನೊಂದ್ ಕಂಪ್ಯೂಟ್ರು ತೋರ್ಸು ನೋಡನ."

ರಸ್ತೆಗೆ ಬಂದ ಮೇಲೆ ಕೇಳಿದೆ, "ಅಂಥ ಸಿಟ್ನಲ್ಲಿ ಅದೇನ್ ಒತ್ತುದ್ರಿ ಮೇಡಂ?"

"ಸೇವ್ ಮಾಡಿದೆ ಅಕ್ಕ. ನೀವು ಒತ್ತಿದ ಎರಡು ಅಕ್ಷರ ಇತ್ತಲ್ಲ, ಅದು ಅವನ ಮೆಷೀನಲ್ಲೇ ಇರಲಿ."

ಮೇಡಂ ಕ್ಷಮಿಸುವ ಪೈಕಿ ಅಲ್ಲ. ನಾನೂ ಅಲ್ಲ. ಅದಕ್ಕೇ ನಮಗಿಬ್ಬರಿಗೂ ಹೊಂದಿತು.

ಆ ಬೆಳೆಯ ಗೂಡು ರಾಮನಗರದ ಮಾರ್ಕೆಟ್ಟಿಗೆ ಹೋದ ಟೆಂಪೋದಲ್ಲೇ, ಬರುವಾಗ ಖಾಲಿ ಚೀಲಗಳ ನಡುವೆ ಒಂದು ಹಳೇ ಕಂಪ್ಯೂಟರ್ ನಮ್ಮ ಮನೆಗೆ ಬಂತು. ಪಡಸಾಲೆಯಲ್ಲಿ ಟೇಬಲ್ ಹಾಕಿದೆವು. ಮೇಡಂ ದಿನಾ ಬಸ್ಸಿಗೆ ಬಂದು ನನಗೂ ಕೇರಿಯ ಹೆಣ್ಣುಮಕ್ಕಳಿಗೂ ಕಲಿಸಿದರು, ಊರವರಿಗೆ ಟೈಪೂ ಮಾಡಿಕೊಟ್ಟರು.

ಅವರಿಗೆ ಪ್ರತಿಯೊಂದರ ಮೇಲೂ ಒಂದು ಸಿಟ್ಟಿತ್ತು. ಪರದೆ ತುಂಬ ಫೈಲು ಹರಡಿಕೊಂಡವರನ್ನು ಕಂಡರೆ, "ತೊಳೀದಿರೋ ಪಾತ್ರೆ ಎಲ್ಲಾ ಬಾಗಿಲಲ್ಲೇ ಇಟ್ಟಿದ್ದೀರಲ್ಲ" ಅನ್ನುತ್ತಿದ್ದರು. ಲಗ್ನಪತ್ರಿಕೆಗೆ ಐದು ಬಣ್ಣ, ಐದು ಥರದ ಅಕ್ಷರ ಬೇಕು ಅಂದವರಿಗೆ ಕಪ್ಪಿನಲ್ಲೇ ಮಾಡಿಕೊಟ್ಟು, "ಹುಡುಗಿ ಹೆಸರು ಕಾಣ್ತಿದೆಯಲ್ಲ" ಅಂದು ಕಳಿಸುತ್ತಿದ್ದರು. ಪಾಸ್‌ವರ್ಡ್ ಬರೆದು ಪರದೆಗೇ ಅಂಟಿಸಿದ್ದ ಹುಡುಗಿಗೆ ಅದನ್ನು ನೂರು ಸಲ ಬರೆಸಿದರು. ನೂರಾದ ಮೇಲೆ, "ಈಗ ಬಾಯಿಗೆ ಬಂತಾ? ಸರಿ, ಬೇರೆ ಪಾಸ್‌ವರ್ಡ್ ಇಟ್ಕೋ" ಅಂದರು.

ಸಿಕ್ಕಸಿಕ್ಕವರ ಫ್ಲಾಪಿ ಹಾಕಬೇಡಿ, ವೈರಸ್ ಬರುತ್ತೆ ಅಂತ ಎಷ್ಟು ಹೇಳಿದರೂ ಹುಡುಗಿಯರು ಕೇಳುತ್ತಿರಲಿಲ್ಲ. ನಾನು ಎದ್ದು, "ಕಂಡೋರ್ ಮನೆ ರೋಗದ್ ತಟ್ಟೆಯ ನಿಮ್ ಹುಳದ್ ಮನೆಗ್ ತತ್ತೀರೇನ್ರವ್ವಾ?" ಅಂದೆ. ಅವತ್ತಿಗೆ ನಿಂತಿತು. ಮೇಡಂ ನನ್ನ ಮಾತನ್ನು ಪುಸ್ತಕದಲ್ಲಿ ಬರೆದುಕೊಂಡರು.

ಇನ್ನೊಂದು ಸಲ ಕರೆಂಟು ಹೋಗಿ ಬಂದಾಗ ಪರದೆಯೆಲ್ಲ ನೀಲಿಯಾಗಿ ಮೆಷೀನು ತನ್ನ ಪಾಡಿಗೆ ಏನೋ ಎಣಿಸುತ್ತಾ ಕೂತಿತು. ಮೇಡಂ ಇನ್ನೂ ಬಂದಿರಲಿಲ್ಲ. ನಮ್ಮ ಯಜಮಾನರು, "ತಂತಿ ಕಿತ್ತಾಕು, ಸುಟ್ಟೋಯ್ತದೆ" ಅಂತ ಪ್ಲಗ್ಗಿಗೆ ಕೈ ಹಾಕಿದರು.

ಹುಳು ಗೂಡು ಕಟ್ಟುವ ಮೊದಲು ನಾಲ್ಕು ಸಲ ಚರ್ಮ ಬಿಡುತ್ತದೆ. ಅದನ್ನು ನಾವು ಜ್ವರ ಅನ್ನುತ್ತೇವೆ. ಆಗ ಅದು ತಲೆ ಎತ್ತಿಕೊಂಡು ಕದಲದೆ ಕೂರುತ್ತದೆ. ಸೊಪ್ಪು ಹಾಕಬಾರದು, ತಟ್ಟೆ ಅಲುಗಿಸಬಾರದು. ಅವಸರ ಮಾಡಿದವನ ಬೆಳೆ ಹೋಯಿತು ಅಂತಲೇ. ನಾನು ಯಜಮಾನರ ಕೈ ಹಿಡಿದು, "ಜ್ವರಕ್ ಕೂತಿರೋ ಹುಳಕ್ಕೆ ಸೊಪ್ಪಾಕ್ತೀರಾ? ಸುಮ್ಕೆ ಕೂತ್ಕಳಿ ಒಸಿ" ಅಂದೆ. ಕೂತೆವು. ಎಣಿಸಿ ಮುಗಿಸಿ ತಾನೇ ಸರಿಹೋಯಿತು. ವಿಷಯ ಕೇಳಿ ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಆಮೇಲೆ ಒಂದು ರಟ್ಟಿನ ಮೇಲೆ "ಜ್ವರದಲ್ಲಿದೆ, ಮುಟ್ಟಬೇಡಿ" ಅಂತ ಬರೆದು, ಕನ್ನಡಕಕ್ಕೆ ಕಟ್ಟಿದ್ದ ಅದೇ ಥರದ ಹಳದಿ ನೂಲಿನಲ್ಲಿ ಮೆಷೀನಿಗೆ ನೇತುಹಾಕಿದರು.

ನನ್ನ ಮೊಮ್ಮಗಳು ಮೌಸ್ ಹಿಡಿದದ್ದು ಮೇಡಂ ತೊಡೆಯ ಮೇಲೆ ಕೂತು. ಅವಳ ತಲೆ ಸವರುತ್ತಾ ಒಂದು ದಿನ ಅಂದರು, "ಅಕ್ಕ, ಆ ಸಾಹುಕಾರನ ರೂಮಲ್ಲಿ ನಿಮ್ಮ ಮನೆ ಹುಡುಗಿ ಕೂರ್ಬೇಕು. ನಾನು ಬಂದು ನೋಡ್ಬೇಕು."

ನೋಡಲಿಲ್ಲ. ನಾಲ್ಕು ವರ್ಷದ ಹಿಂದೆ ಕಿಡ್ನಿ ಕೆಟ್ಟು ತೀರಿಕೊಂಡರು. ಕೊನೆಯ ಸಲ ಆಸ್ಪತ್ರೆಗೆ ಹೋದಾಗ ನನ್ನ ಕೈಲಿದ್ದ ಫೋನ್ ನೋಡಿ, "ಫೋಟೋ ಎಲ್ಲಾ ಎರಡು ಕಡೆ ಇಟ್ಟಿದ್ದೀರಾ ಅಕ್ಕ?" ಅಂದರು. ಇಟ್ಟಿದ್ದೀನಿ ಅಂದೆ. ಇಟ್ಟಿರಲಿಲ್ಲ. ಮನೆಗೆ ಬಂದವಳೇ ಮೊದಲು ಆ ಕೆಲಸ ಮಾಡಿದೆ. ಮೇಡಂ ನಗುತ್ತಿರುವ ಫೋಟೋ ಈಗ ಮೂರು ಕಡೆ ಇದೆ.

ಸಾಹುಕಾರನ ಅಂಗಡಿ ಯಾವಾಗಲೋ ಮುಚ್ಚಿತ್ತು. ರೂಮು ಖಾಲಿ ಇದೆ ಅಂತ ಗೊತ್ತಾದಾಗ ಮೊಮ್ಮಗಳಿಗೆ ಬೇರೆ ಕಡೆ ನೋಡಲು ನಾನು ಬಿಡಲಿಲ್ಲ. ನಿನ್ನೆ ಪೂಜೆಯ ಚೀಲದಲ್ಲಿ ತೆಂಗಿನಕಾಯಿ, ಬಾಳೆಹಣ್ಣಿನ ಜೊತೆ ಒಂದು ಬಾಟಲಿ ಫಿನಾಯಿಲ್, ಒಂದು ಬಟ್ಟೆ ಕೂಡ ಇಟ್ಟುಕೊಂಡು ಹೋಗಿದ್ದೆ. ಆ ಮನುಷ್ಯ ಊರಲ್ಲೇ ಇದ್ದಾನೆ, ಒಂದಲ್ಲ ಒಂದು ದಿನ ಬರುತ್ತಾನೆ ಅಂತ ಗೊತ್ತಿತ್ತು. ಮೊದಲನೇ ದಿನವೇ ಬರುತ್ತಾನೆ ಅಂದುಕೊಂಡಿರಲಿಲ್ಲ. ದೇವರು ದೊಡ್ಡವನು.

ಕೋಲೂರಿಕೊಂಡು ಬಂದ. ನನ್ನ ಗುರುತು ಸಿಗಲಿಲ್ಲ. ಮೊಮ್ಮಗಳಿಗೆ ಫೋನ್ ಕೊಟ್ಟು, "ಅಪ್‌ಡೇಟು ಅಂತು, ಒತ್ದೆ ಕಣವ್ವ. ಮುಗೀಲೇ ಇಲ್ಲ. ಆಫ್ ಮಾಡ್ದೆ, ಆನ್ ಮಾಡ್ದೆ, ತಿರ್ಗ ಆಫ್ ಮಾಡ್ದೆ" ಅಂದ.

"ಅದು ಕೆಲ್ಸ ಮಾಡ್ತಿರುವಾಗ ಆಫ್ ಮಾಡ್ಬಾರ್ದು ತಾತ. ಚಾರ್ಜೂ ಇಲ್ಲ ಇದ್ರಲ್ಲಿ" ಅಂದು ಅವಳು ಚಾರ್ಜರಿಗೆ ಹಾಕಿ, ಮತ್ತೆ ಶುರು ಮಾಡಿ, ಕೂರಲು ಕುರ್ಚಿ ಎಳೆದುಕೊಟ್ಟಳು.

ಐದೈದು ನಿಮಿಷಕ್ಕೆ ಅವನ ಕೈ ಫೋನಿನ ಕಡೆ ಹೋಗುತ್ತಿತ್ತು. ನಾನು ಮನೆಯಿಂದ ತಂದು ಗೋಡೆಗೆ ನೇತುಹಾಕಿದ್ದ ಮೇಡಂ ಬರೆದ ಹಳೇ ರಟ್ಟು ತೋರಿಸಿ, "ಮುಟ್ಬ್ಯಾಡಿ ಸ್ವಾಮಿ, ಜ್ವರದಲ್ಲೈತೆ" ಅನ್ನುತ್ತಿದ್ದೆ. ನಾಲ್ಕು ಸಲ ಅಂದೆ. ಒಂದೊಂದು ಸಲಕ್ಕೂ ನನ್ನ ಎದೆ ತಣ್ಣಗಾಯಿತು.

ಫೋನ್ ಸರಿಹೋಯಿತು. "ಚೆಂದಾಗ್ ಕಲ್ತಿದ್ದೀಯ. ಯಾರವ್ವ ಕಲ್ಸಿದ್ದು?" ಅಂದ.

"ನಮ್ಮಜ್ಜಿ" ಅಂದಳು.

ಅವನು ನನ್ನ ಕಡೆ ತಿರುಗುತ್ತಾ ಎದ್ದ. ನಾನು ಬಟ್ಟೆ ತೆಗೆದು, ಫಿನಾಯಿಲ್ ಸುರಿದು, ಅವನ ಕಣ್ಣೆದುರಿಗೇ ಕುರ್ಚಿ ಒರೆಸಿದೆ. ಕೂರುವ ಜಾಗ, ಆಮೇಲೆ ಬೆನ್ನು. ಅವಸರ ಮಾಡಲಿಲ್ಲ.

"ಅಜ್ಜೀ" ಅಂದಳು ಮೊಮ್ಮಗಳು.

"ಯಾಕಮ್ಮ, ನನ್ ಮೈ ವಾಸ್ನೆ ಬತ್ತೈತಾ?" ಅಂದ ಅವನು.

"ಇಲ್ಲ ಸ್ವಾಮಿ. ಈ ರೂಮಿನ ಹಳೇ ಪದ್ಧತಿ ಇದು. ನೀವೇ ಮಾಡಿದ್ದು."

ಅವನು ನನ್ನ ಮುಖ ನೋಡಿದ, ಕೈ ನೋಡಿದ. ಗುರುತು ಸಿಕ್ಕಿತು. ಕೋಲು ತಗೊಂಡು ಮೆಟ್ಟಿಲಿಳಿದ. ಅಯ್ಯೋ ಪಾಪ ಅಂತ ನನಗೆ ಅನ್ನಿಸಲಿಲ್ಲ. ಅನ್ನಿಸಿತು ಅಂತ ಸುಳ್ಳು ಬರೆದರೆ ಮೇಡಂ ಮೆಚ್ಚುವುದಿಲ್ಲ.

ಸಾಯಂಕಾಲ ಪಡಸಾಲೆಯಲ್ಲಿ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು. ಮುದ್ದೆ, ಅವರೆಕಾಳು ಸಾರು, ಶಾವಿಗೆ ಪಾಯಸ. ನಾನು ಕುರ್ಚಿ ಒರೆಸಿದ್ದನ್ನು ಮೊಮ್ಮಗಳು ಎದ್ದು ನಿಂತು ಸೆರಗು ಸಿಕ್ಕಿಸಿದ ಹಾಗೆ ಮಾಡಿ ತೋರಿಸಿದಳು. ಯಜಮಾನರಿಗೆ ನಕ್ಕೂ ನಕ್ಕೂ ನೆತ್ತಿಗೇರಿತು.

"ಮೇಡಂ ಇದ್ದಿದ್ರೆ ಏನನ್ನೋರು ಅತ್ತೆ?" ಅಂದಳು ಸೊಸೆ.

ಮುದ್ದೆ ಮುರಿಯುತ್ತಾ ಯೋಚಿಸಿದೆ. "ಬೈಯೋರು ಕಣವ್ವ. ಕುರ್ಚಿ ಕಾಲು ಒರ್ಸೋದು ಮರ್ತ್‌ಬುಟ್ಟೆ."

ಮನೆಯೆಲ್ಲ ನಕ್ಕಿತು. ಮೊಮ್ಮಗಳ ತಟ್ಟೆಗೆ ಇನ್ನೊಂದು ಸೌಟು ಪಾಯಸ ಹಾಕಿದೆ.