ಪತ್ರಿ ಗಿಡದ ಮುಳ್ಳು

ಕಾಕಾನ ಬಲಗೈ ಹೆಬ್ಬೆರಳಿನ ಬುಡದಲ್ಲಿ ಒಂದು ತಗ್ಗಿತ್ತು. ನಲವತ್ತು ವರ್ಷ ಮಾನ್ವಿಯಲ್ಲಿ ಬಟ್ಟೆ ಹೊಲಿದವರು. ಕತ್ತರಿಯ ಹಿಡಿಕೆ ಒತ್ತೀ ಒತ್ತೀ ಬಿದ್ದ ತಗ್ಗು ಅದು. ಸುತ್ತಲಿನ ಚರ್ಮ ಎಮ್ಮೆಯ ಕೊಂಬಿನಷ್ಟು ಗಟ್ಟಿ. ಸೂಜಿಗೆ ದಾರ ಪೋಣಿಸಲಾಗದಷ್ಟು ಕಣ್ಣು ಮಂಜಾದ ಮೇಲೆ ಅಂಗಡಿ ಮುಚ್ಚಿ, ರಾಯಚೂರಿನಲ್ಲಿ ನಮ್ಮ ಪಕ್ಕದ ಮನೆಗೆ ಬಂದರು. ಸಂಬಂಧಿಕರೇನಲ್ಲ. ಆದರೂ ಅವರು ಕಾಕಾ, ದೇವದುರ್ಗದ ಕಡೆಯವರಾದ ಅವರ ಹೆಂಡತಿ ಕಾಕು. ಆ ಕೈಯನ್ನು ನಾನು ಕೊನೆಯ ಸಲ ಹಿಡಿದದ್ದು ಆಸ್ಪತ್ರೆಯಲ್ಲಿ.

ಪರಿಚಯ ಆದದ್ದು ನನ್ನ ದಡ್ಡತನದಿಂದ. ಅವ್ವನ ಮಲ್ಲಿಗೆ ಕಂಟಿ ಸವರಲು ಮೊಬೈಲಿನಲ್ಲಿ ನೋಡಿ ಒಂದು ಕತ್ತರಿ ತರಿಸಿದ್ದೆ. ಬೇಲಿ ಸವರುವ ಕತ್ತರಿ ಅದು, ಕೃಷ್ಣೆಯ ಮೊಸಳೆ ಬಾಯಿ ತೆರೆದಷ್ಟು ಉದ್ದ. ಹತ್ತೇ ನಿಮಿಷದಲ್ಲಿ ಕಂಟಿಯನ್ನು ಬೋಳಿಸಿ, ಕೋಟೆ ಗೆದ್ದವನ ಹಾಗೆ ಸೊಂಟಕ್ಕೆ ಕೈಯಿಟ್ಟು ನಿಂತೆ. ಕಾಂಪೌಂಡಿನ ಆಚೆಯಿಂದ ದನಿ ಬಂತು.

"ಲೇ ತಮ್ಮಾ, ಗಿಡಕ್ಕ ಜವಳ ತೆಗಿಯಾಕತ್ತೀಯೇನು?"

ಅವ್ವ ಎರಡು ದಿನ ನನ್ನೊಂದಿಗೆ ಮಾತಾಡಲಿಲ್ಲ. ಮೂರನೇ ದಿನ ಕಾಕಾ ನನ್ನನ್ನು ಹಾರ್ಡ್‌ವೇರ್ ಅಂಗಡಿಗೆ ಎಳೆದೊಯ್ದರು. ಬೆರಳು ಗಾತ್ರದ ಟೊಂಗೆಗೆ ಕೈಗತ್ತರಿ, ಅದಕ್ಕಿಂತ ದಪ್ಪಗಿದ್ದರೆ ಉದ್ದ ಹಿಡಿಕೆಯದು, ಮುಂಗೈ ಗಾತ್ರಕ್ಕೆ ಗರಗಸ ಎಂದು ದಾರಿಯುದ್ದಕ್ಕೂ ಹೇಳಿದರು. ನಾನು ಕೆಂಪು ಹಿಡಿಕೆಯದನ್ನು ಆರಿಸಿದೆ, ಚೆಂದ ಇತ್ತೆಂದು. ಅವರು ಅದನ್ನು ಕಸಿದು, ಬಾಗಿಲ ಬೆಳಕಿಗೆ ಹಿಡಿದು, ಅಲಗು ಮುಚ್ಚಿ ನೋಡಿ ವಾಪಸಿಟ್ಟರು. ಹೀಗೆ ಒಂಬತ್ತು ಕತ್ತರಿ. ಗಿಡ ಕಡಿಯಲೋ ಜಂಪರ್ ಹೊಲಿಯಲೋ ಎಂದು ಅಂಗಡಿಯವನು ಕೇಳಿಯೇಬಿಟ್ಟ.

"ಅಲಗಿನ ನಡುವ ಬೆಳಕು ಕಂಡ್ರ ಅದು ಕಡಿಯಂಗಿಲ್ಲ, ಅಗಿತದ," ಎಂದರು ಕಾಕಾ. "ಅಗಿದ ಟೊಂಗಿ ಕೊಳಿತದ."

ಹತ್ತನೆಯದನ್ನು ಕೊಂಡೆವು. ಆಮೇಲೆ ನಾನು ಅವರ ಶಿಷ್ಯ. ಎಷ್ಟೋ ಗಿಡ ನನ್ನ ಕೈಯಲ್ಲಿ ಸತ್ತವು. ಅವರು ಒಂದಕ್ಕೂ ಬೈಯಲಿಲ್ಲ.

ಅವರಿಗೆ ಶುಗರ್ ಇತ್ತು. ಪಾದಗಳು ಮರಗಟ್ಟಿದ್ದವು. ಮನೆಯೊಳಗೂ ಚಪ್ಪಲಿ ಬಿಡಬೇಡಿ ಎಂದು ಡಾಕ್ಟರು ಹೇಳಿದ್ದರು, ಕಾಕಾ ಪಾಲಿಸುತ್ತಿದ್ದರು. ತಮ್ಮ ಹಿತ್ತಲಿನ ಪತ್ರಿ ಗಿಡದ ಹತ್ತಿರ ಮಾತ್ರ ಬರಿಗಾಲು. ದಿನಾ ಬೆಳಿಗ್ಗೆ ಲಿಂಗಪೂಜೆಗೆ ಮೂರೆಲೆಯ ಬಿಲ್ವಪತ್ರಿ ಹರಿಯಲು ಹೋಗುವಾಗ ಚಪ್ಪಲಿ ದೂರ ಬಿಟ್ಟು, ಗಿಡಕ್ಕೆ ಕೈ ಮುಗಿಯುತ್ತಿದ್ದರು.

ಒಂದು ಟೊಂಗೆ ಕರೆಂಟ್ ತಂತಿಯ ಕಡೆಗೆ ಬೆಳೆದಿತ್ತು. ಲೈನ್‌ಮನ್ ಬಂದು ಕರೆಂಟ್ ತೆಗೆದ ದಿನ ನಾನು ಏಣಿ ಹತ್ತಿದೆ. ಮೊದಲು ಕೆಳಗಿನಿಂದ ಸ್ವಲ್ಪ ಕೊಯ್ಯಿ, ಆಮೇಲೆ ಮೇಲಿನಿಂದ, ಇಲ್ಲದಿದ್ದರೆ ತೊಗಟೆ ಸೀಳುತ್ತದೆ ಎಂದು ಕೆಳಗೆ ನಿಂತು ಹೇಳಿದರು. ಹಾಗೇ ಮಾಡಿದೆ. ಜೀವನದಲ್ಲಿ ನಾನು ಸರಿಯಾಗಿ ಮಾಡಿದ ಒಂದೇ ಕೆಲಸ ಅದು. ಪತ್ರಿಗೆ ಉದ್ದುದ್ದ ಮುಳ್ಳು. ಕಸಬರಿಗೆಗೆ ಸಿಗುವುದಿಲ್ಲ, ಕೂತು ಕೈಯಿಂದ ಆರಿಸು ಎಂದು ಹೇಳಿ ಅವರು ಒಳಗೆ ಹೋದರು.

ನಾನು ಗರಗಸ ಹಿಡಿದು ಆರು ಸೆಲ್ಫಿ ತೆಗೆದುಕೊಂಡೆ. ನಾಲ್ಕು ಸಲ ಕಸಬರಿಗೆ ಆಡಿಸಿದೆ. ಎಲ್ಲಾ ಆರಿಸಿದೆ ಎಂದು ಕಿಟಕಿಯಲ್ಲಿ ಕೂಗಿ, ಚಹಾ ಕುಡಿದು ಮನೆಗೆ ಬಂದೆ.

ಮುಳ್ಳು ನಟ್ಟದ್ದು ಕಾಕಾಗೆ ತಿಳಿಯಲೇ ಇಲ್ಲ. ನಾಲ್ಕನೇ ದಿನ ಮನೆಯ ಹಾಸುಬಂಡೆಯ ನೆಲದ ಮೇಲೆ ಕೀವಿನ ಹೆಜ್ಜೆ ಕಂಡು ಕಾಕು ಚೀರಿದರು. ಆಸ್ಪತ್ರೆಯಲ್ಲಿ ಮೊದಲು ಕಾಲಿನ ಒಂದು ಬೆರಳು ತೆಗೆದರು. ಹದಿನೈದು ದಿನಕ್ಕೆ ಪಾದ. ಆಮೇಲೆ ಮೊಣಕಾಲಿನ ಕೆಳಗಿನದೆಲ್ಲ.

ನಾನು ದಿನಾ ಹೋಗಿ ಹಾಸ್ಯ ಮಾಡುತ್ತಿದ್ದೆ. ನಗಿಸುವುದು ಬಿಟ್ಟರೆ ನನಗೆ ಏನು ಬರುತ್ತಿತ್ತು? ಒಂದು ಮಧ್ಯಾಹ್ನ ಕಾಕು ಗುಳಿಗೆ ತರಲು ಕೆಳಗೆ ಹೋದಾಗ ಅವರ ಕೈ ಹಿಡಿದುಕೊಂಡೆ.

"ಕಾಕಾ, ಮುಳ್ಳು ನಾ ಆರಿಸಿದ್ದಿಲ್ಲರಿ. ಸುಳ್ಳು ಹೇಳಿದ್ನಿ."

ಅವರು ಕಣ್ಣು ತೆರೆಯಲಿಲ್ಲ. "ಗೊತ್ತದ. ಮರುದಿನ ಮುಂಜಾನೆ ನೆಲದ ಮ್ಯಾಲೆ ಕಸಬರಿಗಿ ಗೆರಿ ನೋಡಿದ್ನಿ."

"ಮತ್ತ ಯಾಕ ಹೋದ್ರಿ?"

"ಚಪ್ಪಲ್ ಮೆಟ್ಟಿ ಪತ್ರಿ ಹರಿಯಾಕ ಬರತದೇನು?" ನನ್ನ ಕೈಯನ್ನು ಹತ್ತಿರಕ್ಕೆ ಎಳೆದುಕೊಂಡರು. "ನಿಮ್ಮ ಕಾಕುಗ ಹೇಳಬ್ಯಾಡ. ಆಕಿ ದಿನಾ ನಿನ್ನ ಮಾರಿ ನೋಡಬೇಕು."

ಆ ವಾರವೇ ಕಾಕಾ ಹೋಗಿಬಿಟ್ಟರು.

ಈಗ ಪತ್ರಿ ಹರಿಯುವುದು ಕಾಕು, ಅವರೂ ಬರಿಗಾಲಲ್ಲಿ. ಅವರು ಏಳುವ ಮೊದಲೇ ನಾನು ಹಿತ್ತಲಿಗೆ ಹೋಗಿ, ಕುಕ್ಕರಗಾಲಲ್ಲಿ ಕೂತು ಉದುರಿದ ಮುಳ್ಳಿಗಾಗಿ ನೆಲ ತಡವುತ್ತೇನೆ. ಮೊನ್ನೆ ಬೇಗ ಎದ್ದುಬಿಟ್ಟಿದ್ದರು. ಬಂದು ನನ್ನ ತಲೆಯ ಮೇಲೆ ಕೈಯಿಟ್ಟರು.

"ಅವತ್ತೂ ನೀ ಹಿಂಗ ಚೊಕ್ಕ ಆರಿಸಿದ್ದಿ ನೋಡಪ. ಆ ಒಂದು ಮುಳ್ಳು ಎಲ್ಲಿಂದ ಬಂತೋ ಏನೋ."

ನಾನು ತಲೆಯೆತ್ತದೆ ಮಣ್ಣು ತಡವುತ್ತಲೇ ಇದ್ದೆ.