ಕದಿರಮ್ಮ ಹರಿದ ಕಾಗದ

ನಮ್ಮಕ್ಕ ಕದಿರಮ್ಮ ಓದಿದ್ದು ಏಳನೇ ಕ್ಲಾಸು. ಇಂಗ್ಲಿಷ್ ಅಕ್ಷರ ಗೊತ್ತು, ಇಂಗ್ಲಿಷ್ ಗೊತ್ತಿಲ್ಲ. ಅಂಥವಳು ಇಟಾಲಿಯನ್ ಕಾಗದ ಓದುತ್ತಾಳೆಂದರೆ ಬೂದಿಗೆರೆಯಲ್ಲಿ ನಗದವರಿಲ್ಲ. ನಾನೂ ನಕ್ಕವನೇ.

ಗಂಡ ಸತ್ತು ತವರಿಗೆ ಬಂದ ಮೇಲೆ ಅವಳು ಊರಾಚೆಯ ಮಿಷನ್ ಆಸ್ಪತ್ರೆಯಲ್ಲಿ ನೆಲ ಒರೆಸುವ ಕೆಲಸಕ್ಕೆ ಸೇರಿದ್ದಳು. ಅಲ್ಲಿದ್ದ ಇಟಲಿಯ ಸಿಸ್ಟರ್ ಅಗ್ನೇಸೆಗೆ ೧೯೬೬ರ ಹೊತ್ತಿಗೆ ಕಣ್ಣು ಪೂರ್ತಿ ಹೋಯಿತು. ಆಕೆಗೆ ಉಳಿದಿದ್ದ ರಕ್ತಸಂಬಂಧವೆಂದರೆ ತಿಂಗಳಿಗೊಂದು ಕಾಗದ ಬರೆಯುತ್ತಿದ್ದ ಅಕ್ಕ ಲೂಚಿಯಾ ಒಬ್ಬಳೇ. ಉಳಿದ ಸಿಸ್ಟರುಗಳು ಮಲಯಾಳಿಗಳು. ಅವರಿಗೆ ಕೂತು ಕಲಿಯಲು ಪುರುಸೊತ್ತಿಲ್ಲ. ಸಿಸ್ಟರಮ್ಮ ನಮ್ಮಕ್ಕನಿಗೇ ಓದಲು ಕಲಿಸಿದರು. ಉದ್ದದ ಪದ ಬಂದರೆ ಮೇಜು ತಟ್ಟುತ್ತ ಬಿಡಿಸುವುದು: ಪೋರ್-ತಾ-ಲೆತ್-ತೆ-ರೆ. ಅಂಚೆಯವನು ಎಂದರ್ಥವಂತೆ. "ಎರಡು ಪದ ಸೇರಿದರೆ ಮೊದಲಿನದು ಹಗುರ, ಒತ್ತು ಎರಡನೆಯದರ ಮೇಲೆ," ಎಂದು 'ಲೆತ್' ಬಂದಾಗ ಜೋರಾಗಿ ತಟ್ಟುತ್ತಿದ್ದರು. ನಮ್ಮಕ್ಕ ರಾಗಿ ಕೇರುವಾಗಲೂ ಅದನ್ನೇ ಗೊಣಗುತ್ತಿದ್ದಳು. ಅರ್ಥ ತಿಳಿಯದೆ, ಒತ್ತು ತಪ್ಪದೆ ನಾಲ್ಕು ವರ್ಷ ಓದಿದಳು.

೧೯೭೦ರಲ್ಲಿ ಬಂದ ಒಂದು ಕಾಗದದ ಕೊನೆಯ ಎರಡು ಸಾಲು ಬೇರೆ ಯಾರದೋ ಕೈಬರಹ. ಅದನ್ನೂ ಸರಾಗವಾಗಿ ಓದಿದಳು. ಸಿಸ್ಟರಮ್ಮ, "ಕಾಗದ ಮುಗಿಸುವ ಮೊದಲೇ ಲೂಚಿಯಾ ತೀರಿಕೊಂಡಳು, ಕದಿರಾ," ಎಂದರು.

ಸಾವಿನ ಸುದ್ದಿಯ ಕಾಗದವನ್ನು ನಮ್ಮಲ್ಲಿ ಓದಿದ ಕೂಡಲೇ ಹರಿದೆಸೆಯುತ್ತಾರೆ, ಒಳಗೆ ಇಟ್ಟುಕೊಳ್ಳುವಂತಿಲ್ಲ. ನಮ್ಮಕ್ಕ ಯೋಚಿಸಲೂ ಇಲ್ಲ. ಚೂರುಚೂರು ಮಾಡಿ ಬೇಲಿಯ ಹತ್ತಿರ ಎಸೆದು, ಕೈ ತೊಳೆದು ಬಂದಳು.

ಸಿಸ್ಟರಮ್ಮ ಕೈ ಚಾಚಿದರು. "ಕಾಗದ ಕೊಡು. ಅವಳು ಬರೆದದ್ದು ಇನ್ನೊಂದು ಸಲ ಓದು."

"ಹರ್ದಾಕ್ಬಿಟ್ಟೆ, ಸಿಸ್ಟರಮ್ಮ."

ಅವರು ಬೈಯಲಿಲ್ಲ. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲೂ ಇಲ್ಲ. ಬೈದಿದ್ದರೆ ವಾಸಿಯಿತ್ತು ಎಂದು ನಮ್ಮಕ್ಕ ಇವತ್ತಿಗೂ ಅಳುತ್ತಾಳೆ.

ಮೊರದ ತುಂಬ ಚೂರು ಆಯ್ದುಕೊಂಡು ಮನೆಗೆ ಬಂದಳು. ಪದಗಳೆಲ್ಲ ಅರ್ಧರ್ಧ. ಒಂದು ಚೂರು ಹಿಡಿದು ನೆಲ ತಟ್ಟುತ್ತ ಹೇಳುವಳು. ಒತ್ತು ಸರಿಯಾಗಿ ಬೀಳುವ ಇನ್ನರ್ಧ ಸಿಗುವವರೆಗೆ ಬಿಡಳು.

"ಸಾವಿನ್ ಕಾಗ್ದ ಒಳಕ್ಕೆ ತಂದಿದ್ದೀಯಲ್ಲೇ, ನಿಂಗೇನ್ ಬಂದೈತೆ," ಎಂದು ಅವ್ವ ಬೈದಳು. ನಮ್ಮಕ್ಕ ಕಿವಿಗೇ ಹಾಕಿಕೊಳ್ಳಲಿಲ್ಲ. ಮೈದಾ ಅಂಟು ಕಾಯಿಸಿಕೊಟ್ಟವನು ನಾನು. ಹಳೆ ಕ್ಯಾಲೆಂಡರಿನ ಬೆನ್ನಿಗೆ ಅಂಟಿಸಿ ಮುಗಿದಾಗ, ಆ ಬೇರೆ ಕೈಬರಹದ ಚೂರುಗಳು ಮೊರದಲ್ಲೇ ಉಳಿದಿದ್ದವು.

"ಇವು?" ಎಂದೆ.

"ಅವು ಸಾವಿಂದು ಕಣೋ. ಎಸ್ದು ಬಾ."

ಆಮೇಲೆ ಆರು ವರ್ಷ, ಸಿಸ್ಟರಮ್ಮ ಇರುವ ತನಕ, ಪ್ರತಿ ಭಾನುವಾರ ಆ ಕಾಗದ ಓದಿದಳು. ಲೂಚಿಯಾ ಬರೆದದ್ದು ಮುಗಿದಲ್ಲಿ ನಿಲ್ಲಿಸುತ್ತಿದ್ದಳು. ಮುಂದೆ ಓದು ಎಂದು ಸಿಸ್ಟರಮ್ಮ ಒಂದು ದಿನವೂ ಕೇಳಲಿಲ್ಲ.