ಹಳದಿ ಬೆನ್ನಿನ ನಾಯಿ

ನಾನು ಐದನೆಯ ಇಯತ್ತೆಗೇ ಸಾಲಿ ಬಿಟ್ಟವನು. ಅದರ ನಾಚಿಕೆ ನನಗಿಲ್ಲ. ಗೋಕಾಕದಲ್ಲಿ ನಾನು ಮಾಡಿದ ಕಟ್ಟಿಗೆಯ ಬಾಳೆಹಣ್ಣನ್ನು ಖರೆ ಹಣ್ಣೆಂದು ತಿಳಿದು ಸುಲಿಯಲು ಹೋಗಿ ಉಗುರು ನೋಯಿಸಿಕೊಂಡವರಿದ್ದಾರೆ. ನನ್ನ ಸರ್ಟಿಫಿಕೇಟು ಅದೇ.

ಕೈಕೆಲಸದವರು ನಾವು ಹತ್ತು ಹನ್ನೆರಡು ಮಂದಿ ಕೂಡಿ ಒಂದು ಸಂತೆ ನಡೆಸುತ್ತೇವೆ. ತಿಂಗಳ ಮೊದಲ ರವಿವಾರ ಗೋಕಾಕ, ಎರಡನೆಯದಕ್ಕೆ ಮೂಡಲಗಿ, ಮೂರನೆಯದಕ್ಕೆ ಹುಕ್ಕೇರಿ. ನಮ್ಮ ಮೇಲೆ ಸಾಹೇಬರಿಲ್ಲ, ಉದ್ಘಾಟನೆಗೆ ಯಾರೂ ಬರುವುದಿಲ್ಲ. ನಮ್ಮ ನಮ್ಮ ನೆರಳಿನ ತಾಡಪತ್ರಿ ನಾವೇ ಕಟ್ಟಿಕೊಳ್ಳಬೇಕು. ನನ್ನ ಎಡಕ್ಕೆ ಕಲ್ಲೋಳಿಯ ಗಡಿಗೆ ಮಾಡುವ ಅಕ್ಕ ಕೂಡುತ್ತಾಳೆ, ಬಲಕ್ಕೆ ಯಮಕನಮರಡಿಯ ಬುಟ್ಟಿ ಹೆಣೆಯುವವ. ಅವನ ಬಾಯಿಗೆ ಬೀಗವಿಲ್ಲ.

ನಾಯಿ ಸಿಕ್ಕಿದ್ದು ಮೂಡಲಗಿಯಲ್ಲಿ. ಸಿಕ್ಕಿತು ಅನ್ನುವುದೂ ತಪ್ಪೇ, ನಾನು ಹುಡುಕಿರಲಿಲ್ಲ. ಬಿಸಿಲೇರಿದಾಗ ನಾನು ಹಣ್ಣು ಹರವಿದ ಹಲಗೆಯ ಕೆಳಗೆ ನೆರಳು ಕಂಡು ಬಂದು ಮಲಗಿತು. ಕೆಂದು ಮೈ, ಒಂದು ಕಿವಿ ಅರ್ಧಕ್ಕೆ ಮಡಚಿದ್ದು. ಮಧ್ಯಾಹ್ನ ನಾನು ಬುತ್ತಿ ಬಿಚ್ಚಿದೆ. ಉಳಿದ ಅರ್ಧ ರೊಟ್ಟಿ ಎಸೆದೆ. ಸಂಜೆ ಟೆಂಪೋಕ್ಕೆ ಸಾಮಾನು ಹೇರುವಾಗ ಅದೂ ಹತ್ತಿ ಕೂತಿತು. ಯಾರೂ ಇಳಿಸಲಿಲ್ಲ. ನಾನೂ ಇಳಿಸಲಿಲ್ಲ.

ಮನೆಗೆ ಬಂದು ಕಟ್ಟೆಯ ಮೇಲೆ ಮಲಗಿತು. ಒಳಗೆ ಬಾ ಅನ್ನಲಿಲ್ಲ. ಹೆಂಡತಿ ತೀರಿ ಮೂರು ವರ್ಷವಾಗಿತ್ತು. ಒಳಗೆ ಇನ್ನೊಂದು ಉಸಿರಿನ ಸಪ್ಪಳ ಇಲ್ಲದ್ದು ರೂಢಿಯಾಗಿತ್ತು, ಹಾಗೆಂದೇ ನನಗೆ ನಾನು ಹೇಳಿಕೊಳ್ಳುತ್ತಿದ್ದೆ. ಆದರೆ ಮರುದಿನದಿಂದ ರೊಟ್ಟಿ ಮೂರರ ಬದಲು ನಾಲ್ಕು ಬಡಿಯತೊಡಗಿದೆ. ಹಿಟ್ಟು ಹೆಚ್ಚು ಕಲೆಸಿಬಿಟ್ಟೆ ಎಂದು ನೆಪ ಮಾಡಿಕೊಂಡೆ. ದಿನಾಲೂ ಹಿಟ್ಟು ಹೆಚ್ಚಾಗುತ್ತಿತ್ತು.

ನನ್ನ ಕೆಲಸದ ರೀತಿ ಹೀಗೆ. ಹಗುರ ಕಟ್ಟಿಗೆಯನ್ನು ಹಣ್ಣಿನ ಆಕಾರಕ್ಕೆ ಕೆತ್ತಿ, ಹುಣಸೆ ಬೀಜದ ಅಂಟಿನಲ್ಲಿ ಕಲೆಸಿದ ಕಟ್ಟಿಗೆ ಹುಡಿ ಮೆತ್ತಿ, ಒಣಗಿಸಿ, ಮೇಲೆ ಬಣ್ಣ ಹಚ್ಚುವುದು. ಬಣ್ಣ ಹಚ್ಚುವುದನ್ನು ಮಾತ್ರ ಸಂತೆಯಲ್ಲೇ ಕೂತು ಮಾಡುತ್ತೇನೆ, ನೋಡಲು ಮಂದಿ ನಿಲ್ಲುತ್ತಾರೆ. ನಾಯಿ ಹಲಗೆಯ ಬದಿಗೇ ಮಲಗುತ್ತಿದ್ದುದರಿಂದ ಕುಂಚದ ಹನಿಗಳು ಅದರ ಬೆನ್ನ ಮೇಲೆ ಬೀಳುತ್ತಿದ್ದವು. ಬಾಳೆಹಣ್ಣೇ ಹೆಚ್ಚು ಖರ್ಚಾಗುವುದು, ಹೀಗಾಗಿ ಬೆನ್ನ ತುಂಬ ಹಳದಿ. ಮೂರೂ ಊರಲ್ಲಿ ಅದನ್ನು ಕಂಡವರಿಗೆ ಅದು ಯಾರ ಹಲಗೆಯ ಬದಿಯಿಂದ ಎದ್ದು ಬಂದದ್ದೆಂದು ಗೊತ್ತು.

ಆ ದಿನ ಹುಕ್ಕೇರಿಯಲ್ಲಿ ನಾನು ರೊಟ್ಟಿ ಮುರಿದು ಹಾಕುತ್ತಿದ್ದೆ. ಬುಟ್ಟಿಯವ ಎಲ್ಲರಿಗೂ ಕೇಳುವಂತೆ ಅಂದ:

"ನೋಡ್ರಿಪಾ, ಹೇಣ್ತಿ ಹ್ವಾದಮ್ಯಾಗ ಕಾಕಾ ನಾಯಿ ಕೂಡ ಸಂಸಾರ ಹೂಡ್ಯಾನ! ಮೊದಲ ಅದಕ್ಕ ತುತ್ತು, ಆಮ್ಯಾಗ ತನಗ!"

ಮಂದಿ ನಕ್ಕರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ, ಅವನು ಎಲ್ಲರಿಗೂ ಹಾಗೇ. ನನ್ನ ಮೈ ಮಾತ್ರ ಉರಿಯಿತು. ಯಾರ ಹಂಗೂ ಇಲ್ಲದೆ ದುಡಿದು ಉಂಡವನು ನಾನು, ನಾಯಿಯ ಆಸರೆ ಹಿಡಿದವನೆಂದು ನಗಿಸಿಕೊಳ್ಳಬೇಕೆ?

ಅದೇ ಹೊತ್ತಿಗೆ ಕಣಗಲಾದ ರೈತರೊಬ್ಬರು ಬಂದರು. ನಾಯಿಯನ್ನು ನೋಡಿ, "ಹೊಲದ ಮನಿ ಕಾಯಾಕ ಒಂದ್ ನಾಯಿ ಬೇಕಾಗಿತ್ತರಿ. ಯಾರದ ಇದು?" ಅಂದರು.

ನಮ್ಮ ಸಂತೆಯಲ್ಲಿ ಒಂದು ರೂಢಿ ಇದೆ. ಬಿದ್ದದ್ದು, ತಪ್ಪಿಸಿಕೊಂಡದ್ದು ಏನು ಸಿಕ್ಕರೂ ಯಾರದು ಎಂದು ಮೂರು ಸಲ ಕೂಗಬೇಕು. ಮೂರಕ್ಕೂ ಯಾರೂ ಓ ಅನ್ನದಿದ್ದರೆ ಒಯ್ಯಬಹುದು. ಆಮೇಲೆ ತಕರಾರು ತೆಗೆಯುವಂತಿಲ್ಲ.

ಅವರು ಒಮ್ಮೆ ಕೂಗಿದರು. ಎರಡನೆಯ ಸಲ ಕೂಗಿದಾಗ ಗಡಿಗೆ ಅಕ್ಕ ನನ್ನ ಕಡೆ ಹೊರಳಿದಳು.

"ಯಾಕೋ ತಮ್ಮಾ, ಸುಮ್ಕ ಕುಂತಿ? ಓ ಅನ್ನಬಾರ್ದೇನು?"

"ನಂದಲ್ಲ ಅದು."

"ನಿಂದಲ್ಲಾ? ಬೆನ್ನ ಮ್ಯಾಗಿನ ಬಣ್ಣಾ ಯಾರದು ಹಂಗಾರ?"

"ನನ್ನ ಬಣ್ಣಾ ಎಲ್ಲಾರಿಗೂ ಹತ್ತತೈತಿ. ಹತ್ತಿದವರೆಲ್ಲಾ ನನ್ನವರೇನು?"

ಮಾತು ಚೆನ್ನಾಗಿ ಬಂತು. ಬುಟ್ಟಿಯವ ಕೂಡ ಬಾಯಿ ಮುಚ್ಚಿದ. ಮೂರನೆಯ ಕೂಗೂ ಆಯಿತು. ರೈತರು ಕೊರಳಿಗೆ ಹಗ್ಗ ಹಾಕಿದರು. ನಾಯಿ ನನ್ನನ್ನು ನೋಡುತ್ತಿತ್ತೋ ಏನೋ, ನಾನು ಬಾಳೆಹಣ್ಣಿನ ತುದಿಗೆ ಕರಿ ಹಚ್ಚುತ್ತಿದ್ದೆ.

ಮನೆಗೆ ಹೋಗಿ ನಾಲ್ಕು ರೊಟ್ಟಿ ಬಡಿದೆ. ನಾಲ್ಕನೆಯದು ಬುಟ್ಟಿಯಲ್ಲೇ ಒಣಗಿತು. ಮರುದಿನವೂ ಕೈ ನಾಲ್ಕೇ ಬಡಿಯಿತು. ಎರಡು ಸಲ ಕಣಗಲಾಕ್ಕೆ ಹೋಗಬೇಕೆಂದು ಬಸ್ ಸ್ಟ್ಯಾಂಡಿನ ತನಕ ಹೋಗಿ ತಿರುಗಿ ಬಂದೆ. ಹೋಗಿ ಏನೆನ್ನಲಿ? ಹತ್ತು ಮಂದಿಯ ಮುಂದೆ ಆಡಿದ ಮಾತು. ಕಟ್ಟೆಯ ಮೇಲೆ ಅದು ಮಲಗುತ್ತಿದ್ದ ಕಡೆ ಗಚ್ಚಿಗೆ ಹಳದಿ ಮೆತ್ತಿಕೊಂಡಿತ್ತು. ತೊಳೆಯಲಿಲ್ಲ.

ಮುಂದಿನ ತಿಂಗಳು ಹುಕ್ಕೇರಿಗೆ ಬುತ್ತಿಯಲ್ಲಿ ಒಂದು ರೊಟ್ಟಿ ಹೆಚ್ಚೇ ಕಟ್ಟಿದೆ. ಮಧ್ಯಾಹ್ನ ಆ ರೈತರು ಮೋಟರ್ ಸೈಕಲ್ ಮೇಲೆ ಬಂದರು, ಹಿಂದಿನ ಸೀಟಿನಿಂದ ನಾಯಿ ಜಿಗಿದು ಓಡಿ ಬಂತು. ಮೈ ತುಂಬಿಕೊಂಡಿತ್ತು. ಬೆನ್ನು ತೊಳೆದು ಕೆಂಪಗಾಗಿತ್ತು. ಬಂದದ್ದೇ ಹಲಗೆಯ ಕೆಳಗೆ ನುಗ್ಗಿ ಮಲಗಿತು. ರೊಟ್ಟಿ ಹಾಕಿದೆ, ತಿಂದಿತು. ರೈತರು ನಿಂತು ನೋಡಿದರು.

"ಖರೆ ಹೇಳ್ರಿ ಯಜಮಾನ್ರ. ಇದು ನಿಮ್ಮದ ಹೌದಿಲ್ಲೋ?"

ಬುಟ್ಟಿಯವ ಹೆಣೆಯುವುದನ್ನು ನಿಲ್ಲಿಸಿದ. ಅಕ್ಕನೂ ನೋಡುತ್ತಿದ್ದಳು. ನಾನು ಕುಂಚ ಕೆಳಗಿಟ್ಟೆ.

"ನಂದ ರೀ," ಅಂದೆ. "ಅವತ್ತ ಸುಳ್ಳ ಹೇಳಿದೆ."

ಅವರು ಸಿಟ್ಟಾಗಲಿಲ್ಲ. "ನಮ್ಮ ಅವ್ವಗ ಅದರ ರೂಢಿ ಆಗೇತಿ. ಆದ್ರೂ ಮಂದಿ ನಾಯಿ ನಮಗ್ಯಾಕ್ರಿ? ನಾ ಕರಿಯೂದಿಲ್ಲ, ಸುಮ್ನ ಹೊಂಡತೇನಿ. ನೀವು ಕರೀರಿ. ಉಳದ್ರ ನಿಮ್ಮದು."

ಗಾಡಿ ಶುರು ಮಾಡಿ ಮೆಲ್ಲಗೆ ಹೊರಟರು. ನಾಯಿ ಎದ್ದಿತು. ಹತ್ತು ಹೆಜ್ಜೆ ಹೋಗಿ ದಾರಿಯ ನಡುವೆ ನಿಂತಿತು, ಮಡಚಿದ ಕಿವಿ ಒಮ್ಮೆ ಅಲುಗಿತು. ಕರೆಯಬೇಕು. ಆಗ ನನಗೆ ಹೊಳೆಯಿತು, ನಾನು ಅದಕ್ಕೆ ಹೆಸರನ್ನೇ ಇಟ್ಟಿರಲಿಲ್ಲ. ಅದು ತಾನೇ ಬರುತ್ತಿತ್ತು, ಕರೆಯುವ ಪ್ರಸಂಗವೇ ಬಂದಿರಲಿಲ್ಲ. ಹೆಂಡತಿಯನ್ನೂ ನಾನು ಹೆಸರು ಹಿಡಿದು ಕರೆದವನಲ್ಲ. ಇಪ್ಪತ್ತೆರಡು ವರ್ಷ ಬರೇ "ಏ" ಅಂದೆ, ಬಂದಳು.

"ಏ!" ಎಂದು ಕೂಗಿದೆ.

ಬುಟ್ಟಿಯವ ತಿರುಗಿದ. ಅಕ್ಕ ತಿರುಗಿದಳು. ಕಂಬಳಿ ನೋಡುತ್ತಿದ್ದ ಇಬ್ಬರು ಗಿರಾಕಿಗಳು ತಿರುಗಿದರು. ನಾಯಿ ಗಾಡಿಯ ಹಿಂದೆ ಓಡಿತು.